ಎಲೆಯ ಕಂಪು, ಸೀಸೆಯ ತೈಲ: ಆಹಾರ ಸಸ್ಯಗಳ ಸುಗಂಧತೈಲಗಳ ರಾಸಾಯನಿಕ ರಚನೆ ಮತ್ತು ಸುರಕ್ಷತೆ

'ಹಿತ್ತಲ ಗಿಡ ಮದ್ದಲ್ಲ' ಎಂಬುದು ಕನ್ನಡ ಜನಪದರ ಪ್ರಸಿದ್ಧ ಗಾದೆ. ಕೈಗೆಟುಕುವಲ್ಲಿ ಇರುವುದರ ಬೆಲೆ ತಿಳಿಯದವರನ್ನು ಕುರಿತ ಆಕ್ಷೇಪ ಅದರಲ್ಲಿದೆ. ಆದರೆ ಕಳೆದ ಎರಡು ಮೂರು ದಶಕಗಳಲ್ಲಿ ಪರಿಸ್ಥಿತಿ ತಿರುವುಮುರುವಾಗಿದೆ. ಹಿತ್ತಲ ಗಿಡವು ಇಂದು ಮದ್ದಾಗಿರುವುದು ಮಾತ್ರವಲ್ಲ, ಮಾರಾಟದ ಸರಕೂ ಆಗಿದೆ. ತುಳಸಿ, ಪುದೀನ, ಮಜ್ಜಿಗೆ ಹುಲ್ಲು, ದಾಲ್ಚಿನ್ನಿ ಎಲೆ ಮೊದಲಾದವುಗಳಿಂದ ಬಟ್ಟಿ ಇಳಿಸಿದ ತೈಲಗಳು ಪುಟ್ಟ ಸೀಸೆಗಳಲ್ಲಿ ಅಂಗಡಿಗಳಿಗೆ ಬಂದಿವೆ. ಅವುಗಳ ಪ್ರಚಾರದಲ್ಲಿ 'ಪಾರಂಪರಿಕ', 'ನೈಸರ್ಗಿಕ', 'ಅಡ್ಡ ಪರಿಣಾಮಗಳಿಲ್ಲದ' ಎಂಬ ವಿಶೇಷಣಗಳು ಸಾಮಾನ್ಯವಾಗಿ ಕಾಣಿಸಿಕೊಳ್ಳುತ್ತವೆ. ನಮ್ಮ ಹಿರಿಯರು ಈ ಎಲೆಗಳನ್ನು ತಲೆಮಾರುಗಳಿಂದ ತಿಂದಿದ್ದಾರೆ, ಆದ್ದರಿಂದ ಅದೇ ಎಲೆಯ ತೈಲವೂ ನಿರಪಾಯಕಾರಿ ಎಂಬ ತರ್ಕ ಈ ಪ್ರಚಾರದ ಹಿಂದಿದೆ.

ಈ ತರ್ಕ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಎಲೆಯ ಕುರಿತ ಜನಪದ ಅನುಭವವು ಎಲೆಗೆ, ಅದರ ಪ್ರಮಾಣಕ್ಕೆ ಮತ್ತು ಅದನ್ನು ಸಂಸ್ಕರಿಸುವ ಕ್ರಮಕ್ಕೆ ಸಂಬಂಧಿಸಿದ್ದು. ಆ ಅನುಭವದ ಭರವಸೆಯನ್ನು ಸೀಸೆಯ ತೈಲಕ್ಕೆ ವರ್ಗಾಯಿಸಲು ಬರುವುದಿಲ್ಲ. ಇದಕ್ಕೆ ರಸಾಯನಶಾಸ್ತ್ರದಲ್ಲಿ ಸ್ಪಷ್ಟವಾದ ಕಾರಣಗಳಿವೆ.

ಸುಗಂಧತೈಲ ಎಂದರೇನು?

ಸುಗಂಧತೈಲವನ್ನು ಎಣ್ಣೆ ಎಂದು ಕರೆದರೂ ಅದು ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆಗಳ ಜಾತಿಗೆ ಸೇರಿದ್ದಲ್ಲ. ಗಾಣದ ಎಣ್ಣೆ ಕೊಬ್ಬು. ಅದು ಕಾಗದದ ಮೇಲೆ ಬಿದ್ದರೆ ಜಿಡ್ಡಿನ ಕಲೆ ಉಳಿಯುತ್ತದೆ. ಸುಗಂಧತೈಲ ಗಾಳಿಗೆ ಆವಿಯಾಗಿ ಹೋಗುವ, ನೀರಿನಲ್ಲಿ ಹೆಚ್ಚು ಕರಗದ, ಕೊಬ್ಬಿನಲ್ಲಿ ಸುಲಭವಾಗಿ ಕರಗುವ ಹಲವು ಸಂಯುಕ್ತಗಳ ಮಿಶ್ರಣ. ಒಂದೊಂದು ತೈಲದಲ್ಲಿಯೂ ಹತ್ತಾರು, ಕೆಲವೊಮ್ಮೆ ನೂರಕ್ಕೂ ಹೆಚ್ಚು ಘಟಕಗಳಿರುತ್ತವೆ.

ಈ ಘಟಕಗಳನ್ನು ಮುಖ್ಯವಾಗಿ ಎರಡು ಕುಲಗಳಾಗಿ ವಿಂಗಡಿಸಬಹುದು. ಮೊದಲನೆಯದು ಟರ್ಪೀನ್‌ಗಳ ಕುಲ. ಐದು ಇಂಗಾಲದ ಪರಮಾಣುಗಳುಳ್ಳ ಘಟಕಗಳು ಎರಡು ಸೇರಿದರೆ ಹತ್ತು ಇಂಗಾಲದ ಟರ್ಪೀನ್, ಮೂರು ಸೇರಿದರೆ ಹದಿನೈದು ಇಂಗಾಲದ ಟರ್ಪೀನ್ ಆಗುತ್ತದೆ. ಹತ್ತು ಇಂಗಾಲದವು ಬೇಗ ಆವಿಯಾಗುತ್ತವೆ. ಎಲೆಯನ್ನು ಹಿಸುಕಿದೊಡನೆ ಮೂಗಿಗೆ ಬಡಿಯುವ ಘಾಟು ಹೆಚ್ಚಾಗಿ ಇವುಗಳದು. ಹದಿನೈದು ಇಂಗಾಲದವು ಭಾರವಾದವು, ನಿಧಾನವಾಗಿ ಹೊರಬರುತ್ತವೆ. ಎರಡನೆಯದು ಬೆಂಜೀನ್ ಉಂಗುರವುಳ್ಳ ಸಂಯುಕ್ತಗಳ ಕುಲ. ಲವಂಗದ ವಾಸನೆಗೆ ಕಾರಣವಾದ ಯೂಜಿನಾಲ್, ಅದರ ಬಂಧುಗಳಾದ ಮೀಥೈಲ್ ಯೂಜಿನಾಲ್, ಎಸ್ಟ್ರಗೋಲ್, ಸ್ಯಾಫ್ರೋಲ್ ಇದಕ್ಕೆ ಸೇರುತ್ತವೆ. ಸುರಕ್ಷತೆಯ ಚರ್ಚೆಯಲ್ಲಿ ಈ ಎರಡನೆಯ ಕುಲಕ್ಕೆ ವಿಶೇಷ ಸ್ಥಾನವಿದೆ.

ತುಳಸಿ, ಪುದೀನ, ದೊಡ್ಡಪತ್ರೆಗಳಲ್ಲಿ ಸುಗಂಧತೈಲವು ಎಲೆಯ ಮೇಲ್ಮೈಯ ಸೂಕ್ಷ್ಮ ರೋಮಗ್ರಂಥಿಗಳಲ್ಲಿ ಸಂಗ್ರಹವಾಗಿರುತ್ತದೆ. ಆದುದರಿಂದಲೇ ಈ ಗಿಡಗಳನ್ನು ಸವರಿದರೆ ಸಾಕು, ಕೈಗೆ ಕಂಪು ಹತ್ತುತ್ತದೆ. ಕರಿಬೇವು ಮತ್ತು ನಿಂಬೆಯ ಜಾತಿಯಲ್ಲಿ ತೈಲದ ಕುಳಿಗಳು ಎಲೆಯ ಒಳಗಿವೆ. ಎಲೆಯನ್ನು ಬೆಳಕಿಗೆ ಹಿಡಿದರೆ ಅವು ಚುಕ್ಕೆಗಳಂತೆ ಕಾಣುತ್ತವೆ. ಕರಿಬೇವನ್ನು ಹರಿದು ಅಥವಾ ಬಿಸಿ ಎಣ್ಣೆಗೆ ಹಾಕಿದಾಗಲಷ್ಟೇ ಅದರ ಕಂಪು ಪೂರ್ಣವಾಗಿ ಬಿಡುವುದಕ್ಕೆ ಇದು ಕಾರಣ.

ಎಲೆಗಳು ಮತ್ತು ಅವುಗಳ ಘಟಕಗಳು

ಜನಪದರು ಗಿಡಗಳಿಗೆ ಇಟ್ಟ ಹೆಸರುಗಳಲ್ಲಿ ವಾಸನೆಯ ಸೂಕ್ಷ್ಮ ವರ್ಗೀಕರಣವಿದೆ. ಪ್ರಯೋಗಾಲಯದ ವಿಶ್ಲೇಷಣೆಯೊಂದಿಗೆ ಅದು ಅನೇಕ ಕಡೆ ಹೊಂದಿಕೊಳ್ಳುವುದು ಗಮನಾರ್ಹ. ದೊಡ್ಡಪತ್ರೆಯನ್ನು ಕೆಲವೆಡೆ ಓಮದೆಲೆ ಎಂದು ಕರೆಯುತ್ತಾರೆ. ಓಮದ ಗಿಡಕ್ಕೂ ದೊಡ್ಡಪತ್ರೆಗೂ ಸಸ್ಯಶಾಸ್ತ್ರದಲ್ಲಿ ಸಮೀಪದ ಸಂಬಂಧವಿಲ್ಲ. ಆದರೆ ಓಮದ ಕಾಳಿನ ಪ್ರಧಾನ ಘಟಕವಾದ ಥೈಮಾಲ್ ಮತ್ತು ಅದರ ಸೋದರ ಸಂಯುಕ್ತವಾದ ಕಾರ್ವಕ್ರಾಲ್ ದೊಡ್ಡಪತ್ರೆಯ ತೈಲದಲ್ಲಿಯೂ ಪ್ರಧಾನವಾಗಿವೆ. ಹಾಗೆಯೇ ಲವಂಗ ತುಳಸಿ ಎಂಬ ಹೆಸರಿನ ಹಿಂದೆ ಯೂಜಿನಾಲ್, ನಿಂಬೆ ಹುಲ್ಲು ಎಂಬ ಹೆಸರಿನ ಹಿಂದೆ ಸಿಟ್ರಾಲ್ ಇದೆ.

ಮನೆಯಂಗಳದ ತುಳಸಿಯ ತೈಲದಲ್ಲಿ ಯೂಜಿನಾಲ್, ಮೀಥೈಲ್ ಯೂಜಿನಾಲ್, ಕ್ಯಾರಿಯೊಫಿಲೀನ್ ಮುಖ್ಯವಾದವು. ಇವುಗಳ ಪಾಲು ಎಲ್ಲ ಗಿಡಗಳಲ್ಲಿ ಒಂದೇ ಆಗಿರುವುದಿಲ್ಲ. ನೋಡಲು ಒಂದೇ ತೆರನಾಗಿರುವ ಎರಡು ತುಳಸಿ ಗಿಡಗಳ ಪೈಕಿ ಒಂದರಲ್ಲಿ ಯೂಜಿನಾಲ್, ಇನ್ನೊಂದರಲ್ಲಿ ಮೀಥೈಲ್ ಯೂಜಿನಾಲ್ ಮೇಲುಗೈ ಪಡೆದಿರಬಹುದು. ಇಂಥವನ್ನು ಒಂದೇ ಪ್ರಭೇದದ ರಾಸಾಯನಿಕ ಮಾದರಿಗಳು ಎಂದು ಕರೆಯಲಾಗುತ್ತದೆ. ತುಳಸಿಯನ್ನು ಹಲ್ಲಿನಿಂದ ಕಚ್ಚಬಾರದು, ಏಕೆಂದರೆ ಅದರಲ್ಲಿ ಪಾದರಸವಿದೆ ಎಂಬ ಮಾತು ಈಚೆಗೆ ಪ್ರಚಲಿತವಾಗಿದೆ. ಪಾದರಸವು ಸುಗಂಧತೈಲದ ಘಟಕವಲ್ಲ. ತುಳಸಿ ಅಗಿದಾಗ ನಾಲಗೆಗೆ ಆಗುವ ಚುರುಕು ಮತ್ತು ಜೋಮಿಗೆ ಯೂಜಿನಾಲ್ ಮುಖ್ಯ ಕಾರಣ. ಶ್ರದ್ಧೆಯ ನಿಷೇಧಗಳಿಗೆ ಹೀಗೆ ಹಿಂದಿನಿಂದ ವಿಜ್ಞಾನದ ಕಾರಣವನ್ನು ಅಂಟಿಸುವುದರಿಂದ ಶ್ರದ್ಧೆಗೂ ವಿಜ್ಞಾನಕ್ಕೂ ನ್ಯಾಯ ಸಲ್ಲದು.

ಕಾಮಕಸ್ತೂರಿಯಲ್ಲಿ ಲಿನಲೂಲ್ ಮತ್ತು ಎಸ್ಟ್ರಗೋಲ್ ಪ್ರಧಾನ. ಭಾರತದಲ್ಲಿ ಬೆಳೆಯುವ ಕೆಲವು ಮಾದರಿಗಳಲ್ಲಿ ಎಸ್ಟ್ರಗೋಲ್‌ನ ಪಾಲು ಬಹಳ ಹೆಚ್ಚು. ವೀಳ್ಯದೆಲೆಯಲ್ಲಿ ಯೂಜಿನಾಲ್, ಚವಿಬೆಟಾಲ್ ಮೊದಲಾದವುಗಳ ಜೊತೆಗೆ ಕೆಲವು ತಳಿಗಳಲ್ಲಿ ಸ್ಯಾಫ್ರೋಲ್ ಕೂಡ ಕಂಡುಬರುತ್ತದೆ. ಮಜ್ಜಿಗೆ ಹುಲ್ಲಿನ ತೈಲದಲ್ಲಿ ಸಿಟ್ರಾಲ್ ಸಾಮಾನ್ಯವಾಗಿ ಶೇಕಡ 70ರಿಂದ 80ರಷ್ಟಿರುತ್ತದೆ. ಅಡುಗೆಯ ಪುದೀನದ ಕಂಪು ಕಾರ್ವೋನ್‌ನದು. ಮೆಂಥಾಲ್‌ಗಾಗಿ ಉತ್ತರ ಭಾರತದಲ್ಲಿ ವ್ಯಾಪಕವಾಗಿ ಬೆಳೆಯುವ ಪುದೀನ ಬೇರೆಯದೇ ಜಾತಿ. ಎರಡನ್ನೂ ಜನ ಪುದೀನ ಎನ್ನುವುದರಿಂದ 'ಪುದೀನ ಎಣ್ಣೆ' ಎಂಬ ಹೆಸರಿನ ಸೀಸೆಯಲ್ಲಿ ಏನಿದೆ ಎಂಬುದು ಹೆಸರಿನಿಂದ ತಿಳಿಯದು.

ದಾಲ್ಚಿನ್ನಿಯ ಉದಾಹರಣೆ ಇನ್ನೂ ಸ್ಪಷ್ಟವಾದುದು. ಅದರ ತೊಗಟೆಯ ತೈಲದಲ್ಲಿ ಸಿನಮಾಲ್ಡಿಹೈಡ್, ಎಲೆಯ ತೈಲದಲ್ಲಿ ಯೂಜಿನಾಲ್, ಬೇರಿನ ತೈಲದಲ್ಲಿ ಕರ್ಪೂರ ಪ್ರಧಾನ. ಅರಿಶಿನದಲ್ಲಿಯೂ ಇದೇ ಕಥೆ: ಗೆಡ್ಡೆಯ ಕಂಪಿಗೆ ಟರ್ಮರೋನ್‌ಗಳು, ಎಲೆಯ ಕಂಪಿಗೆ ಫೆಲಾಂಡ್ರೀನ್ ಕಾರಣ. ಒಂದೇ ಗಿಡವಾದರೂ ಅಂಗ ಬದಲಾದರೆ ತೈಲ ಬದಲಾಗುತ್ತದೆ. ಎಲೆಯನ್ನು ಕಿತ್ತ ಋತು, ಅದರ ವಯಸ್ಸು, ಹಸಿಯೋ ಒಣಗಿದ್ದೋ ಎಂಬುದೂ ಘಟಕಗಳ ಪಾಲನ್ನು ಬದಲಿಸುತ್ತವೆ. ನಾಟಿ ವೈದ್ಯರು ಎಲೆಯನ್ನು ಅಂಗೈಯಲ್ಲಿ ಹಿಸುಕಿ ಮೂಸಿ ನೋಡಿದ ಮೇಲೆಯೇ ಆರಿಸಿಕೊಳ್ಳುವ ಪದ್ಧತಿಗೆ ಈ ಹಿನ್ನೆಲೆಯಲ್ಲಿ ಮಹತ್ವವಿದೆ.

ಅಡುಗೆಮನೆಯ ನಾಲ್ಕು ಕ್ರಮಗಳು

ಎಲೆಯಿಂದ ಕಂಪನ್ನು ಹೊರತೆಗೆಯಲು ಕನ್ನಡ ನಾಡಿನ ಅಡುಗೆಯಲ್ಲಿ ನಾಲ್ಕು ಮುಖ್ಯ ಕ್ರಮಗಳಿವೆ. ಮೊದಲನೆಯದು ಕೊಬ್ಬಿನಲ್ಲಿ ಕರಗಿಸುವುದು. ಒಗ್ಗರಣೆಯ ಕರಿಬೇವು, ತುಪ್ಪ ಕಾಯಿಸುವಾಗ ಹಾಕುವ ವೀಳ್ಯದೆಲೆ ಇದಕ್ಕೆ ನಿದರ್ಶನ. ಬಿಸಿ ಎಣ್ಣೆಯಲ್ಲಿ ಹಗುರವಾದ ಘಟಕಗಳು ಬಹುಪಾಲು ಹಾರಿಹೋಗಿ ಮನೆಯೆಲ್ಲ ಘಮಘಮಿಸುತ್ತದೆ. ಉಳಿದ ಸ್ವಲ್ಪ ಭಾಗ ಕೊಬ್ಬಿನಲ್ಲಿ ಬೆರೆತು ಇಡೀ ಅಡುಗೆಗೆ ಹಂಚಿಹೋಗುತ್ತದೆ.

ಎರಡನೆಯದು ಹಬೆಯಲ್ಲಿ ಬೇಯಿಸುವುದು. ಕರಾವಳಿಯಲ್ಲಿ ನಾಗರಪಂಚಮಿಯ ದಿನ ಅರಿಶಿನ ಎಲೆಯಲ್ಲಿ ಮಡಿಸಿ ಬೇಯಿಸುವ ಕಡುಬಿಗೆ ಈ ಕ್ರಮದಿಂದ ಕಂಪು ಬರುತ್ತದೆ. ಕೊಂಕಣಿಗರು ಇದನ್ನು ಪಾತೋಳಿ ಎನ್ನುತ್ತಾರೆ. ಕಾರ್ಖಾನೆಯ ಬಟ್ಟಿಯಲ್ಲಿ ನಡೆಯುವುದೂ ತತ್ತ್ವತಃ ಇದೇ ಕ್ರಿಯೆ. ಹಬೆ ಎಲೆಯ ಮೂಲಕ ಹಾಯ್ದು ತೈಲವನ್ನು ಹೊತ್ತೊಯ್ಯುತ್ತದೆ. ಅಲ್ಲಿ ಅದನ್ನು ತಣಿಸಿ ನೀರಿನಿಂದ ತೈಲವನ್ನು ಬೇರ್ಪಡಿಸುತ್ತಾರೆ. ಕಡುಬಿನ ಪಾತ್ರೆಯಲ್ಲಿ ಹಿಟ್ಟಿಗೆ ಹತ್ತುವುದು ಒಂದೆರಡು ಎಲೆಯ ತೈಲದ ಒಂದಂಶ ಮಾತ್ರ. ಬಟ್ಟಿಯಲ್ಲಿ ಸೀಸೆ ಸೇರುವುದು ರಾಶಿ ಎಲೆಗಳ ತೈಲ.

ಮೂರನೆಯದು ಅರೆದು ಅಥವಾ ಬಾಡಿಸಿ ಬಳಸುವುದು. ಮಲೆನಾಡಿನ ತಂಬುಳಿಯಲ್ಲಿ ದೊಡ್ಡಪತ್ರೆಯನ್ನು ತುಪ್ಪದಲ್ಲಿ ಬಾಡಿಸಿ, ಕಾಯಿಯೊಡನೆ ಅರೆದು, ಮಜ್ಜಿಗೆಯಲ್ಲಿ ಕದಡುತ್ತಾರೆ. ಕಾರ್ವಕ್ರಾಲ್ ಮತ್ತು ಥೈಮಾಲ್ ಬಾಯಿ, ಹೊಟ್ಟೆಯ ಒಳಪೊರೆಯನ್ನು ಕೆರಳಿಸುವ ಸಂಯುಕ್ತಗಳು. ತುಪ್ಪ, ಕಾಯಿ, ಮಜ್ಜಿಗೆಗಳ ಕೊಬ್ಬು ಮತ್ತು ದ್ರವದಲ್ಲಿ ಅವು ಬಹಳ ತೆಳುವಾಗಿ ಹರಡಿಕೊಳ್ಳುತ್ತವೆ. ನಾಲ್ಕನೆಯದು ನೀರಿನಲ್ಲಿ ಕುದಿಸಿ ಮಾಡುವ ಕಷಾಯ. ತೈಲ ನೀರಿನಲ್ಲಿ ಹೆಚ್ಚು ಕರಗದಿರುವುದರಿಂದಲೂ ಕುದಿಯುವಾಗ ಆವಿಯಾಗುವುದರಿಂದಲೂ ಕಷಾಯಕ್ಕೆ ಇಳಿಯುವ ತೈಲದ ಪ್ರಮಾಣ ಅತ್ಯಲ್ಪ.

ಈ ನಾಲ್ಕೂ ಕ್ರಮಗಳಲ್ಲಿ ಸಮಾನವಾದ ಒಂದು ಅಂಶವಿದೆ. ದೇಹಕ್ಕೆ ಸೇರಬಹುದಾದ ತೈಲದ ಪ್ರಮಾಣಕ್ಕೆ ಎಲೆಯೇ ಮಿತಿ ಹಾಕುತ್ತದೆ. ಎಲೆಗೆ ಗಾತ್ರವಿದೆ, ನಾರಿದೆ, ಒಗರಿದೆ, ಖಾರವಿದೆ. ಹತ್ತು ದೊಡ್ಡಪತ್ರೆ ಎಲೆಗಳನ್ನು ಒಮ್ಮೆಗೇ ಹಸಿಯಾಗಿ ತಿನ್ನಲು ಯಾರಿಗೂ ಆಗದು, ನಾಲಗೆಯೇ ತಡೆಯುತ್ತದೆ. ಜನಪದ ಅಳತೆಗಳು 'ಒಂದು ಕುಡಿ', 'ನಾಲ್ಕು ದಳ', 'ಒಂದು ಹಿಡಿ' ಎಂಬ ರೂಪದಲ್ಲಿದ್ದರೂ ಅವು ಅಳತೆಯಿಲ್ಲದವುಗಳಲ್ಲ.

ಬಟ್ಟಿ ಇಳಿಸಿದಾಗ ಆಗುವ ಬದಲಾವಣೆ

ಬಟ್ಟಿ ಇಳಿಸುವಾಗ ಎರಡು ಮುಖ್ಯ ಬದಲಾವಣೆಗಳಾಗುತ್ತವೆ. ಒಂದು, ಸಾಂದ್ರತೆ. ಹಸಿ ಎಲೆಯಲ್ಲಿ ತೈಲದ ಪ್ರಮಾಣ ಸಾಮಾನ್ಯವಾಗಿ ಶೇಕಡ 1ಕ್ಕಿಂತ ಕಡಿಮೆ. ಅನೇಕ ಸೊಪ್ಪುಗಳಲ್ಲಿ ಅದಕ್ಕಿಂತಲೂ ಬಹಳ ಕಡಿಮೆ. ಶೇಕಡ 0.2ರಷ್ಟು ಎಂದು ಇಟ್ಟುಕೊಂಡರೆ, 10 ಗ್ರಾಂ ತೈಲಕ್ಕೆ 5 ಕಿಲೋಗ್ರಾಂ ಹಸಿ ಎಲೆ ಬೇಕು. ಒಂದು ಹನಿ ತೈಲ ಸುಮಾರು 45 ಮಿಲಿಗ್ರಾಂ ತೂಗುತ್ತದೆ ಎಂದರೆ ಆ ಒಂದು ಹನಿಯ ಹಿಂದೆ 22 ಗ್ರಾಂಗಿಂತ ಹೆಚ್ಚು ಎಲೆ ಇರುತ್ತದೆ. ತೀರ್ಥಕ್ಕೆ ಹಾಕುವ ಎರಡು ದಳ ತುಳಸಿಗೂ ನೀರಿಗೆ ಹಾಕಿ ಕುಡಿಯುವ ಎರಡು ಹನಿ ತುಳಸಿ ತೈಲಕ್ಕೂ ಇರುವ ಅಂತರ ಇದರಿಂದ ತಿಳಿಯುತ್ತದೆ.

ಎರಡು, ಆಯ್ಕೆ. ಬಟ್ಟಿಯಲ್ಲಿ ಆವಿಯಾಗುವ ಘಟಕಗಳು ಮಾತ್ರ ಹೊರಬರುತ್ತವೆ. ಉಳಿದವು ಚರಟದಲ್ಲಿಯೇ ಉಳಿಯುತ್ತವೆ. ಕರಿಬೇವಿನ ವಿಶಿಷ್ಟ ಆಲ್ಕಲಾಯ್ಡ್‌ಗಳಾದ ಮಹಾನಿಂಬೀನ್ ಮೊದಲಾದವು ಆವಿಯಾಗುವಂಥವಲ್ಲ. ಕರಿಬೇವಿನ ಔಷಧ ಗುಣಗಳ ಕುರಿತ ಬಹಳಷ್ಟು ಅಧ್ಯಯನಗಳು ಈ ಬಗೆಯ ಸಂಯುಕ್ತಗಳಿಗೆ ಸಂಬಂಧಿಸಿದವು. ಆ ಅಧ್ಯಯನಗಳ ಫಲವನ್ನು ಕರಿಬೇವಿನ ಸುಗಂಧತೈಲದ ಮೇಲೆ ಆರೋಪಿಸುವುದು ತಪ್ಪಾಗುತ್ತದೆ. ಎಲೆಯ ನಾರು, ಕಬ್ಬಿಣ, ಸುಣ್ಣದ ಅಂಶಗಳೂ ತೈಲದಲ್ಲಿ ಇರುವುದಿಲ್ಲ.

ಸುರಕ್ಷತೆಯ ಪ್ರಶ್ನೆ

ಯೂಜಿನಾಲ್ ಆಹಾರದಲ್ಲಿ ಬಳಕೆಗೆ ಒಪ್ಪಿತವಾದ ಸುವಾಸನೆಯ ದ್ರವ್ಯ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಸಂಘಟನೆಗಳ ಜಂಟಿ ತಜ್ಞ ಸಮಿತಿಯು ಅದರ ದೈನಂದಿನ ಸೇವನೆಯ ಮಿತಿಯನ್ನು ದೇಹತೂಕದ ಪ್ರತಿ ಕಿಲೋಗ್ರಾಂಗೆ 2.5 ಮಿಲಿಗ್ರಾಂ ಎಂದು ನಿಗದಿಪಡಿಸಿದೆ. 10 ಕಿಲೋಗ್ರಾಂ ತೂಗುವ ಮಗುವಿಗೆ ಇದು 25 ಮಿಲಿಗ್ರಾಂ ಆಗುತ್ತದೆ. ನಾಲ್ಕರಲ್ಲಿ ಮೂರು ಪಾಲು ಯೂಜಿನಾಲ್ ಇರುವ ದಾಲ್ಚಿನ್ನಿ ಎಲೆಯ ತೈಲದ ಒಂದೇ ಹನಿ ಈ ಮಿತಿಯನ್ನು ದಾಟುತ್ತದೆ. ಈ ಮಿತಿಯು ಜೀವನಪೂರ್ತಿ ದಿನವೂ ಸೇವಿಸುವುದಕ್ಕೆ ಅನ್ವಯಿಸುವಂಥದು. ಒಮ್ಮೆ ದಾಟಿದ ಮಾತ್ರಕ್ಕೆ ವಿಷವಾಯಿತೆಂದಲ್ಲ. ಆದರೂ ಒಂದು ಹನಿ ಎಂಬುದು ಅಲ್ಪ ಪ್ರಮಾಣವಲ್ಲ ಎಂಬುದನ್ನು ಈ ಲೆಕ್ಕ ತೋರಿಸುತ್ತದೆ.

ಮೀಥೈಲ್ ಯೂಜಿನಾಲ್, ಎಸ್ಟ್ರಗೋಲ್, ಸ್ಯಾಫ್ರೋಲ್‌ಗಳ ವಿಷಯ ಇದಕ್ಕಿಂತ ಗಂಭೀರವಾದುದು. ಇವು ಯಕೃತ್ತಿನಲ್ಲಿ ಮಾರ್ಪಾಟು ಹೊಂದಿ ಜೀವಕೋಶದ ಆನುವಂಶಿಕ ದ್ರವ್ಯಕ್ಕೆ ಅಂಟಿಕೊಳ್ಳಬಲ್ಲವು. ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಇಲಿ ಹೆಗ್ಗಣಗಳಲ್ಲಿ ಯಕೃತ್ತಿನ ಗಂತಿಗಳು ಕಂಡುಬಂದಿವೆ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2023ರಲ್ಲಿ ಮೀಥೈಲ್ ಯೂಜಿನಾಲ್ ಅನ್ನು ಮನುಷ್ಯರಲ್ಲಿ 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ ವರ್ಗಕ್ಕೆ ಸೇರಿಸಿತು. ಭಾರತದ ಆಹಾರ ಸುರಕ್ಷತೆಯ 2011ರ ನಿಯಮಗಳು ಈ ಮೂರನ್ನೂ ಸುವಾಸನೆಯ ದ್ರವ್ಯಗಳಾಗಿ ಬಳಸುವುದನ್ನು ನಿಷೇಧಿಸಿದವು.

ಈ ಸಂದರ್ಭದಲ್ಲಿ ಐರೋಪ್ಯ ಒಕ್ಕೂಟದ 2008ರ ಕಾನೂನು ಉಲ್ಲೇಖಾರ್ಹ. ಅದು ಈ ಮೂರು ಸಂಯುಕ್ತಗಳನ್ನು ನೇರವಾಗಿ ಆಹಾರಕ್ಕೆ ಬೆರೆಸುವುದನ್ನು ನಿಷೇಧಿಸಿ, ಸಿದ್ಧ ಆಹಾರಗಳಲ್ಲಿ ಅವುಗಳ ಗರಿಷ್ಠ ಮಿತಿಗಳನ್ನು ನಿಗದಿಪಡಿಸುತ್ತದೆ. ಆದರೆ ಬೇರೆ ಸುವಾಸನೆಯ ದ್ರವ್ಯ ಸೇರಿಸದೆ, ಹಸಿ, ಒಣ ಅಥವಾ ಶೈತ್ಯೀಕರಿಸಿದ ಸೊಪ್ಪು ಮತ್ತು ಸಾಂಬಾರ ಪದಾರ್ಥಗಳನ್ನಷ್ಟೇ ಬಳಸಿದ ಆಹಾರಕ್ಕೆ ಆ ಮಿತಿಗಳು ಅನ್ವಯಿಸುವುದಿಲ್ಲ. ಅಂದರೆ ಕಾನೂನೂ ಎಲೆ ಮತ್ತು ಅದರಿಂದ ಬೇರ್ಪಡಿಸಿದ ಸಾರಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ.

ಮಕ್ಕಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಹಸುಳೆಗಳ ಮೂಗಿನ ಬಳಿ ಮೆಂಥಾಲ್ ಅಥವಾ ಕರ್ಪೂರ ಸೇರಿದ ತೈಲ ಹಚ್ಚಿದರೆ ಧ್ವನಿಪೆಟ್ಟಿಗೆ ಸೆಟೆದುಕೊಂಡು ಉಸಿರು ಕಟ್ಟುವ ಅಪಾಯವಿದೆ. ನೀಲಗಿರಿ ಎಲೆ ಆಹಾರವಲ್ಲದಿದ್ದರೂ ಅದರ ತೈಲ ಬಹುತೇಕ ಮನೆಗಳಲ್ಲಿರುವುದರಿಂದ ಇಲ್ಲಿ ಹೇಳಬೇಕು. ಅದನ್ನು ಒಂದು ಚಮಚದಷ್ಟು ನುಂಗಿದರೂ ಮಗುವಿಗೆ ಮಂಪರು, ಉಸಿರಾಟದ ತೊಂದರೆ, ಸೆಳವು ಬರಬಹುದು. ಇಂಥ ಸಂದರ್ಭದಲ್ಲಿ ವಾಂತಿ ಮಾಡಿಸಬಾರದು, ಏಕೆಂದರೆ ತೈಲ ಶ್ವಾಸಕೋಶಕ್ಕೆ ಇಳಿಯುವ ಸಂಭವವಿದೆ. ಸೀಸೆಯೊಂದಿಗೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಪುದೀನ ಜಾತಿಯ ಕೆಲವು ತೈಲಗಳಲ್ಲಿರುವ ಪುಲೆಗೋನ್ ಯಕೃತ್ತಿಗೆ ಹಾನಿಕರವಾದುದರಿಂದ ಗರ್ಭಿಣಿಯರು ವೈದ್ಯರ ಸಲಹೆಯಿಲ್ಲದೆ ಇಂಥ ತೈಲಗಳನ್ನು ಸೇವಿಸಬಾರದು. ಚರ್ಮದ ಮೇಲೆ ನೇರವಾಗಿ ಹಚ್ಚಿದಾಗ ಸಿಟ್ರಾಲ್, ಯೂಜಿನಾಲ್‌ಗಳು ಕೆಲವರಲ್ಲಿ ಒಗ್ಗದಿಕೆ ಉಂಟುಮಾಡುತ್ತವೆ. ಬಹುಕಾಲ ಗಾಳಿ ಬೆಳಕಿಗೆ ತೆರೆದಿಟ್ಟ ತೈಲದಲ್ಲಿ ಟರ್ಪೀನ್‌ಗಳು ಆಮ್ಲಜನಕದೊಡನೆ ಸೇರಿ ಈ ದೋಷವನ್ನು ಹೆಚ್ಚಿಸುತ್ತವೆ.

ಜನಪದ ರೂಢಿಯ ಮಿತಿಗಳು

ಎಲೆಯ ಬಳಕೆಯಲ್ಲಿ ಅಳತೆಯ ವಿವೇಕವಿದೆ ಎಂದ ಮಾತ್ರಕ್ಕೆ ರೂಢಿಯಲ್ಲಿರುವುದೆಲ್ಲವೂ ನಿರ್ದುಷ್ಟವೆಂದು ಭಾವಿಸಬಾರದು. ದೊಡ್ಡಪತ್ರೆಯನ್ನು ಕೆಂಡದ ಮೇಲೆ ಬಾಡಿಸಿ ಹಿಂಡಿದ ರಸವನ್ನು ಜೇನಿನಲ್ಲಿ ಕಲಸಿ ಶಿಶುವಿಗೆ ನೆಕ್ಕಿಸುವ ರೂಢಿಯಿದೆ. ಒಂದು ವರ್ಷದೊಳಗಿನ ಮಕ್ಕಳಿಗೆ ಜೇನು ಕೊಡಬಾರದೆಂಬುದು ಇಂದಿನ ವೈದ್ಯಕೀಯದ ಖಚಿತವಾದ ಎಚ್ಚರಿಕೆ. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯದ ಬೀಜಾಣುಗಳು ಶಿಶುವಿನ ಕರುಳಿನಲ್ಲಿ ಮೊಳೆತು ವಿಷ ಉಂಟುಮಾಡಬಲ್ಲವು. ವೀಳ್ಯದ ವಿಷಯದಲ್ಲಿಯೂ ವಿವೇಚನೆ ಬೇಕು. ಎಲೆಯ ಕುರಿತ ಹೊಗಳಿಕೆಯನ್ನು ಅಡಿಕೆಗೆ ವಿಸ್ತರಿಸಲಾಗದು. ಹೊಗೆಸೊಪ್ಪಿಲ್ಲದ ಎಲೆಯಡಿಕೆಯೂ ಕ್ಯಾನ್ಸರ್‌ಕಾರಕವೆಂದು ಮೇಲೆ ಹೇಳಿದ ಅಂತಾರಾಷ್ಟ್ರೀಯ ಸಂಸ್ಥೆ 2004ರಲ್ಲಿಯೇ ಪ್ರಕಟಿಸಿದೆ. ರೂಢಿಯ ದೀರ್ಘಕಾಲಿಕತೆಯು ಕೂಡಲೇ ಕಾಣುವ ಅಪಾಯಗಳಿಗೆ ಸಾಕ್ಷ್ಯವಾಗಬಲ್ಲದು. ಹತ್ತಾರು ವರ್ಷಗಳ ನಂತರ ತಲೆದೋರುವ ರೋಗಕ್ಕೆ ಅದು ಸಾಕ್ಷ್ಯವಾಗದು.

ಸಂಗ್ರಹಕಾರರ ಹೊಣೆ

ಈ ಚರ್ಚೆಯಿಂದ ಜಾನಪದ ಅಧ್ಯಯನಕ್ಕೆ ಒಂದು ಹೊಣೆ ಒದಗುತ್ತದೆ. ಜನಪದ ವೈದ್ಯದ ಸಂಗ್ರಹಗಳಲ್ಲಿ 'ಕೆಮ್ಮಿಗೆ ತುಳಸಿ', 'ಶೀತಕ್ಕೆ ದೊಡ್ಡಪತ್ರೆ' ಎಂಬ ಬಗೆಯ ದಾಖಲೆಗಳು ಹೇರಳವಾಗಿ ದೊರೆಯುತ್ತವೆ. ಗಿಡದ ಹೆಸರು ಮತ್ತು ರೋಗದ ಹೆಸರು ಇವೆರಡನ್ನೇ ಬರೆದಿಟ್ಟಾಗ ಆ ತಿಳಿವಳಿಕೆಯ ಮುಖ್ಯ ಭಾಗವೇ ಕೈಬಿಟ್ಟುಹೋಗುತ್ತದೆ. ಎಷ್ಟು ಎಲೆ, ಎಳೆಯದೋ ಬಲಿತದ್ದೋ, ಹಸಿಯೋ ಬಾಡಿಸಿದ್ದೋ, ತುಪ್ಪದಲ್ಲಿಯೋ ನೀರಿನಲ್ಲಿಯೋ, ಯಾವ ವಯಸ್ಸಿನವರಿಗೆ, ಎಷ್ಟು ದಿನ, ಯಾರಿಗೆ ಕೂಡದು ಎಂಬ ವಿವರಗಳಿಲ್ಲದ ದಾಖಲೆಯನ್ನು ಯಾವ ವ್ಯಾಪಾರಿಯಾದರೂ ತನ್ನ ಸೀಸೆಯ ಮೇಲೆ ಅಂಟಿಸಿಕೊಳ್ಳಬಹುದು. ಸಂಗ್ರಹಕಾರರು ಕೈಬಿಟ್ಟ ಅಳತೆಯ ಜಾಗವನ್ನು ಜಾಹೀರಾತು ತುಂಬುತ್ತದೆ.

ಆದುದರಿಂದ ಮುಂದಿನ ಸಂಗ್ರಹಗಳಲ್ಲಿ ಪ್ರತಿ ಮದ್ದಿನೊಡನೆ ಅದರ ಅಳತೆ, ಕ್ರಮ, ಪಥ್ಯ, ನಿಷೇಧಗಳನ್ನು ಹೇಳುವವರ ಮಾತಿನಲ್ಲಿಯೇ ದಾಖಲಿಸುವುದು, ಗಿಡದ ಮಾದರಿಯನ್ನು ಸಸ್ಯಶಾಸ್ತ್ರಜ್ಞರಿಂದ ಗುರುತಿಸಿಕೊಳ್ಳುವುದು ಅವಶ್ಯಕ. ಬಳಸುವವರು ತಿಳಿಯಬೇಕಾದುದು ಇನ್ನೂ ಸರಳವಾಗಿದೆ. ಅಡುಗೆಯ ಎಲೆಯನ್ನು ಅಡುಗೆಯ ಪ್ರಮಾಣದಲ್ಲಿ ಬಳಸುವುದಕ್ಕೆ ಸಾಮಾನ್ಯವಾಗಿ ಅಂಜಬೇಕಾಗಿಲ್ಲ. ಅದೇ ಎಲೆಯ ತೈಲವನ್ನು ಮಾತ್ರ ಔಷಧವನ್ನು ಕಾಣುವ ಎಚ್ಚರದಿಂದಲೇ ಕಾಣಬೇಕು: ತಜ್ಞರನ್ನು ಕೇಳದೆ ಸೇವಿಸಬಾರದು, ಹಸುಳೆಗಳಿಗೆ ಹಚ್ಚಬಾರದು, ಮಕ್ಕಳ ಕೈಗೆಟುಕುವಲ್ಲಿ ಇಡಬಾರದು. 'ಅತಿಯಾದರೆ ಅಮೃತವೂ ವಿಷ' ಎಂಬ ಮಾತು ನಮ್ಮಲ್ಲಿ ಹಿಂದಿನಿಂದಲೂ ಇದೆ. ಎಲೆಯಲ್ಲಿ ಆ 'ಅತಿ'ಯನ್ನು ನಾಲಗೆ ಗುರುತಿಸುತ್ತಿತ್ತು. ಸೀಸೆಯಲ್ಲಿ ಅದನ್ನು ಬಳಸುವವರೇ ಗುರುತಿಸಬೇಕಾಗಿದೆ.